ಹುಣಸಾವತಿಗೆ ಬಂದ ಬ್ರೆಡ್ಡು

ಸವಣೂರು
೨೬-೭-೧೯೮೧

ಚಿ. ಸೌ. ಶಾಮಲಾಗೆ ಗೋಪಿಕಾಬಾಯಿಯ ಅನೇಕ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು. ತಪ್ಪು ನನ್ನದಲ್ಲ, ನನ್ನ ಮಗ ಗುರುರಾಜನದು. ಅಂಚೆಯವನು ದಾರಿಯಲ್ಲೇ ಅವನ ಕೈಗೆ ಕೊಟ್ಟನಂತೆ, ಇವನು ಅಂಗಿಯ ಕಿಸೆಗೆ ಹಾಕಿಕೊಂಡನಂತೆ, ಅಂಗಿ ಗೂಟ ಸೇರಿತಂತೆ. ಒಗೆಯಲು ತೆಗೆದಾಗ ಕೈಗೆ ಸಿಕ್ಕಿತು. ನೀರಿಗೆ ಬೀಳುವ ಮೊದಲು ಸಿಕ್ಕಿದ್ದು ರಾಯರ ದಯೆ. ಹೈಸ್ಕೂಲಿನ ಹುಡುಗರಿಗೆ ಶಿಸ್ತು ಕಲಿಸುವ ಮಾಸ್ತರ ನೋಡು ಇವನು!

ಮೊದಲು ನನ್ನ ಸಿಟ್ಟನ್ನು ಬರೆದುಬಿಡುತ್ತೇನೆ, ಆಮೇಲೆ ಕೈ ಹಗುರಾಗುತ್ತದೆ. “ವಾರಿಜಾಗೆ ನೀವೇ ಏನಾದರೂ ಹೇಳಿಕೊಟ್ಟು ಕಳಿಸಿದ್ದೀರಾ?” ಎಂದು ಕೇಳಿದ್ದೀ. ನನ್ನ ಮಗಳು ಮಂದಾ ಹೋದ ಮೇಲೆ ಒಂದೂವರೆ ವರ್ಷ ಅವಳ ಕೂಸನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ಸಾಕಿದವಳು ನಾನು. ಪ್ರಹ್ಲಾದ ನಿನ್ನನ್ನು ಮದುವೆಯಾಗಿ, ಮಗಳನ್ನು ಹಿರೇಕೆರೂರಿಗೆ ಕರೆದೊಯ್ಯಲು ಬಂದಾಗ ಜಡೆ ಹೆಣೆದು ಬಸ್ಸು ಹತ್ತಿಸಿದವಳೂ ನಾನೇ. “ಹೊಸ ಅವ್ವ ಹೇಳಿದಂಗ ಕೇಳವಾ” ಅಂದೆ. ಅದರ ಹೊರತು ಒಂದು ಮಾತೂ ಹೇಳಿಲ್ಲ. ಆಯಿತು, ಸಿಟ್ಟು ಮುಗಿಯಿತು. ಮದುವೆಯಾಗಿ ತಿಂಗಳಾಗುವಷ್ಟರಲ್ಲಿ ಒಂಬತ್ತು ವರ್ಷದ ಹುಡುಗಿ ನಿನ್ನ ಕೈಯ ಅನ್ನ ಬೇಡವೆಂದರೆ ನೀನೂ ಎಷ್ಟು ನೊಂದಿರಬೇಡ!

ಅವಳು ಸಿಪ್ಪೆ ಇರುವುದನ್ನಷ್ಟೇ ತಿನ್ನುತ್ತಾಳೆ ಎಂದು ಬರೆದಿದ್ದೀ. ಬಾಳೆಹಣ್ಣನ್ನು ತಾನೇ ಸುಲಿಯುತ್ತಾಳೆ, ಶೇಂಗಾವನ್ನು ತಾನೇ ಒಡೆಯುತ್ತಾಳೆ. ಪ್ರಹ್ಲಾದ ಮಾಸೂರಿನ ಮದಗದ ಕೆರೆಯ ಕಾಲುವೆ ಕೆಲಸ ಮುಗಿಸಿ ಬಂದು ಉಣ್ಣಲು ಕುಳಿತ ಮೇಲೆ ಅವನ ತಾಟಿನಿಂದ ಎರಡು ತುತ್ತು. ಅಷ್ಟೇ. ದಸರೆಯೊಳಗೆ ಸರಿಹೋಗದಿದ್ದರೆ ತಿರುಗಿ ಸವಣೂರಿಗೆ ಬಿಟ್ಟುಬರುತ್ತೇನೆ ಎಂದು ಅವನು ಹೇಳಿದ್ದನ್ನೂ ಬರೆದಿದ್ದೀ. ಆ ಸಾಲನ್ನು ನಾನು ಎರಡು ಸಲ ಓದಿದೆ.

ಇನ್ನು ಆ ರಂಗೋಲಿಯ ಗೆರೆಯ ಸಂಗತಿ. ನೀನು ಅಡುಗೆ ಮುಗಿಸುವ ಹೊತ್ತಿಗೆ ಅವಳು ನೆಲದ ಮೇಲೆ ಗೆರೆ ಎಳೆದು, ಆಚೆ ನಿಂತು, ನಾಟಕದವರ ಹಾಗೆ ದನಿ ಎತ್ತಿ “ಎಲೈ ಅಡುಗೆಯವಳೇ, ಮೊದಲ ತುತ್ತು ನಿನ್ನದು!” ಅಂದಳಲ್ಲ. ನೀನು ಗಾಬರಿಯಾಗಿ, ಮೈಮೇಲೆ ಯಾರಾದರೂ ಬಂದಾರೋ, ಅಂತ್ರ ಕಟ್ಟಿಸಲೋ ಎಂದು ಕೇಳಿದ್ದೀ. ಓದಿ ನಕ್ಕೆ, ಬೇಜಾರಾಗಬೇಡ. ಯಾರೂ ಬಂದಿಲ್ಲ. ಅದು ಹುಣಸಾವತಿ.

ಇಲ್ಲಿ ಮಠದ ಹತ್ತಿರ ದೊಡ್ಡಹುಣಸಿ ಮರಗಳಿವೆ, ಹತ್ತು ಜನ ಕೈ ಹಿಡಿದು ನಿಂತರೂ ತಬ್ಬಲಾಗದಂಥವು. ಮಂದಾ ತವರಿಗೆ ಬಂದಾಗಲೆಲ್ಲ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದಳು. ಆ ಮರದ ಹೊಟ್ಟೆಯೊಳಗೆ ಒಂದು ರಾಜ್ಯವಿದೆ ಎಂದು ತಾಯಿ ಮಗಳು ಸೇರಿ ಕಟ್ಟಿಕೊಂಡ ಆಟ ಅದು. ಮಂದಾ ಮಹಾರಾಣಿ, ವಾರಿಜಾ ಸೇನಾಧಿಪತಿ, ನಾನು ಭಂಡಾರದ ಮಂತ್ರಿ. ಮನೆಯಲ್ಲೂ ಆಡುತ್ತಿದ್ದರು. ಎಲ್ಲಿ ಗೆರೆ ಎಳೆದರೆ ಅದರಾಚೆ ಹುಣಸಾವತಿ. ಅಲ್ಲಿ ಯಾರೂ ನಮ್ಮ ಹಾಗೆ ಮಾತಾಡುವಂತಿಲ್ಲ, “ಎಲೈ”, “ಅಪ್ಪಣೆ” ಎನ್ನಬೇಕು. ಅಲ್ಲಿನ ಊಟವೂ ಗೊತ್ತಾದದ್ದೇ: ಮಂಡಕ್ಕಿ, ಮಾದಲಿ, ಗುಳ್ಳಡಕಿ ಉಂಡಿ. ಮಂದಾ ಒಪ್ಪಿದ್ದಷ್ಟೇ ಅಲ್ಲಿ ಅನ್ನ. ಆ ರಾಜ್ಯಕ್ಕೆ ಒಬ್ಬಳು ವಿಷ ಹಾಕುವ ಮಾಟಗಾತಿಯ ಕಾಟವಿತ್ತು. ಅದಕ್ಕೇ ಒಂದು ಕಾನೂನು: ಅಡಿಗೆ ಮಾಡಿದವರು, ಇಲ್ಲವೇ ತಿನಿಸುವವರು, ಮೊದಲ ತುತ್ತನ್ನು ತಾವು ತಿಂದು ತೋರಿಸಬೇಕು.

ಈಗ ತಿಳಿಯಿತೇ? ಸಿಪ್ಪೆಯೊಳಗೆ ವಿಷ ಹಾಕಲು ಬರುವುದಿಲ್ಲ, ಅದಕ್ಕೇ ಬಾಳೆಹಣ್ಣು. ನಿನಗೆ ಮೊದಲ ತುತ್ತು ತಿನ್ನು ಅಂದಳು, ನೀನು “ನೈವೇದ್ಯ ಇನ್ನೂ ಆಗಿಲ್ಲ, ಎಂಜಲಾಗ್ತದ” ಅಂದೆ. ನೈವೇದ್ಯವಾದ ಮೇಲೆ ಕೇಳಿದಳು, “ನಿಮ್ಮಪ್ಪ ಇನ್ನೂ ಉಂಡಿಲ್ಲ, ನಾ ಹೆಂಗ ಮೊದಲ ಉಣ್ಣಲಿ?” ಅಂದೆ. ನಿನ್ನ ತವರು ಹಾನಗಲ್ಲಿನಲ್ಲಿ ಹಾಗೇ ಕಲಿಸಿರುತ್ತಾರೆ, ನನಗೂ ಹಾಗೇ ಕಲಿಸಿದರು. ಜನ್ಮದಲ್ಲಿ ನಾನು ಒಲೆಯ ಮೇಲಿನ ಸಾರಿನ ಉಪ್ಪು ನೋಡಿದವಳಲ್ಲ. ನಮ್ಮ ಮನೆಯವರು “ಇಂದ ಉಪ್ಪ ಸಮುದ್ರದ್ದ ಪೂರಾ ಬಂದದ” ಎಂದು ನಗುತ್ತಲೇ ಉಂಡರು. ಆದರೆ ಕೂಸಿಗೆ ಕಂಡದ್ದೇನು? ಎರಡು ಸಲ ಕೇಳಿದರೂ ಈ ಹೆಂಗಸು ತಿನ್ನಲಿಲ್ಲ.

ಕಟ್ಟಳೆ ಮುರಿ ಎಂದು ನಾನು ಹೇಳಲಾರೆ. ಚಾತುರ್ಮಾಸದಲ್ಲಂತೂ ಬಾಯಿಗೇ ಬರುವುದಿಲ್ಲ. ಆದರೆ ಯೋಚಿಸಿದೆ. ಅಂಗಡಿಯ ಬಿಸ್ಕೀಟು ಇದೆ, ಸೋಡಾ ಇದೆ, ನೀನು ಹುಬ್ಬಳ್ಳಿಯ ಕಾಲೇಜಿನಲ್ಲಿ ಕಲಿತುಬಂದೆ ಎಂದ ಅದೇನೋ ಕಸ್ಟರ್ಡು ಇದೆ. ಇವನ್ನು ಯಾರೂ ದೇವರ ಮುಂದೆ ಇಡುವುದಿಲ್ಲ. ದೇವರಿಗೆ ಸಲ್ಲದ್ದಕ್ಕೆ ದೇವರ ಕಟ್ಟಳೆ ಎಲ್ಲಿಯದು? ಗಂಡನಿಗಿಂತ ಮೊದಲು ಒಂದು ಬಿಸ್ಕೀಟು ಬಾಯಿಗೆ ಹಾಕಿಕೊಂಡರೆ ಅದು ಊಟವೂ ಅಲ್ಲ. ಅವುಗಳಿಂದ ಸುರುಮಾಡು. ಗೆರೆಯ ಹತ್ತಿರ ಹೋಗಿ, ದಾಟಬೇಡ, “ಮಹಾರಾಣಿಯವರ ಅಪ್ಪಣೆಯಾದರೆ ಹೊಸ ತಿನಿಸು ತಂದಿದ್ದೇನೆ” ಅನ್ನು. ಮಂದಾ ಹೋದ ಮೇಲೆ ಅಲ್ಲಿ ಮಹಾರಾಣಿ ಅವಳೇ. ನಾಚಿಕೊಳ್ಳಬೇಡ. ನಾನು ಈ ವಯಸ್ಸಿನಲ್ಲಿ ಮಂತ್ರಿಯಾಗಿಲ್ಲವೇ?

ನನ್ನನ್ನು ಕರೆದಿದ್ದೀ. ಮೊಣಕಾಲು ನೋವೆಂದು ಪ್ರಹ್ಲಾದನಿಗೆ ಹೇಳು. ನಿನಗೆ ನಿಜ ಹೇಳುತ್ತೇನೆ: ಭಂಡಾರದ ಮಂತ್ರಿಯನ್ನು ಅವಳು ಎಂದೂ ಪರೀಕ್ಷಿಸಿಲ್ಲ, ನಾನು ಬಂದರೆ ನನ್ನ ಕೈಯಿಂದ ಉಣ್ಣುತ್ತಾಳೆ, ನಾನು ಹೊರಟ ದಿನ ಮತ್ತೆ ಬಾಳೆಹಣ್ಣು.

ಇನ್ನೊಂದು. ಕಾಗದದ ಮೇಲೆ “ಗೋಪಿಕಾಬಾಯಿಯವರಿಗೆ” ಎಂದು ಕಚೇರಿಗೆ ಬರೆದಂತೆ ಬರೆದಿದ್ದೀ. ನಿಮ್ಮವ್ವನ ತಂಗಿಯನ್ನು ಕರೆದಂತೆ ಮಾವುಶಿ ಎಂದರೆ ಸಾಕು.

ನಿನ್ನ ಕೈಗೆ ಗುಣ ಬರಲಿ.

ಇತಿ,
ಗೋಪಿಕಾಬಾಯಿ

ತಾ.ಕ.: ಅವಳಿಗೆ ತಲೆ ಬಾಚುವಾಗ ಎಡಗಡೆಯಿಂದ ಸುರುಮಾಡು. ಬಲಗಡೆ ಸಿಕ್ಕು ಜಾಸ್ತಿ, ಮೊದಲೇ ಅಳಿಸಿದರೆ ಆಮೇಲೆ ಕೂಡುವುದಿಲ್ಲ.

⁂

ಸವಣೂರು
೧೯-೮-೧೯೮೧

ಚಿ. ಸೌ. ಶಾಮಲಾಗೆ ಆಶೀರ್ವಾದಗಳು.

ಈ ಸಲದ ತಡ ನನ್ನದೇ. ನಿನ್ನ ಕಾಗದ ಬಂದ ಮೇಲೆ ಎರಡು ದಿನ ಲೇಖಣಿ ಹಿಡಿಯಲಾಗಲಿಲ್ಲ.

ಮೊದಲರ್ಧ ಓದಿ ಎಷ್ಟು ನಕ್ಕೆನೆಂದರೆ ಗುರುರಾಜ ಒಳಗಿನಿಂದ ಎದ್ದು ಬಂದ. ನೀನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ ನಮಸ್ಕಾರ ಮಾಡಿ, ಬಿಸ್ಕೀಟು ಕಚ್ಚಿ ತೋರಿಸಿದೆಯಂತೆ. ಮಹಾರಾಣಿ ಬಹಳ ಹೊತ್ತು ನಿನ್ನ ಮುಖವನ್ನೇ ನೋಡಿ, ಆಮೇಲೆ ಕೈ ಚಾಚಿ, “ಇದರ ಹೆಸರು ಚಂದ್ರನ ಹಂಚು. ಒಳಗ ಬರಲಿ” ಅಂದಳಂತೆ. ಗೋಲಿ ಸೋಡಾ ಬುಸ್ಸೆಂದಾಗ “ಇದು ಸಿಟ್ಟಿನ ನೀರು, ಇದನ್ನ ಕೈದಿಗಳಿಗೆ ಕೊಡ್ರಿ” ಎಂದು ತೀರ್ಪು ಕೊಟ್ಟಳಂತೆ. ಕೈದಿ ಯಾರು, ಪ್ರಹ್ಲಾದನೇ? ಕಾಲುವೆಯ ಓವರಸೀಯರನನ್ನು ಕೈಕಟ್ಟಿ ಕೂಡಿಸಿ ಸೋಡಾ ಕುಡಿಸಿದರೆಂದರೆ ನನ್ನ ಕಣ್ಣಿಗೆ ಕಟ್ಟಿದ ಹಾಗಾಯಿತು. ನಿನ್ನ ಕಸ್ಟರ್ಡಿಗೂ ಜಾಗ ಸಿಕ್ಕಿತು. ನಮ್ಮ ಮಂದಾ ಕಟ್ಟಿದ ರಾಜ್ಯಕ್ಕೆ ಹಿರೇಕೆರೂರಿನ ಬಜಾರವೇ ನುಗ್ಗಿತಲ್ಲ ಎಂದು ನಗುತ್ತ ಪುಟ ತಿರುವಿದೆ.

ಆಮೇಲೆ ಬ್ರೆಡ್ಡಿನ ಸಂಗತಿ ಬಂತು.

ಇದರಲ್ಲಿ ನಿನ್ನ ತಪ್ಪು ಎಳ್ಳಷ್ಟೂ ಇಲ್ಲ. ನಾನೇ ಬರೆದಿದ್ದೆ, ದೇವರಿಗೆ ಸಲ್ಲದ್ದನ್ನು ತಾ ಎಂದು. ನೀನು ಬ್ರೆಡ್ಡು ತಂದು, ತುಪ್ಪದಲ್ಲಿ ಹುರಿದು, ಸಕ್ಕರೆ ಉದುರಿಸಿ, ಕಾನೂನಿನ ಪ್ರಕಾರ ಮೊದಲು ನಿನ್ನ ಬಾಯಿಗೆ ಒಯ್ದೆ. ಅವಳು ಗೆರೆ ದಾಟಿ ಓಡಿಬಂದು ನಿನ್ನ ಕೈಗೆ ಹೊಡೆದು ಚೂರನ್ನು ಕೆಡವಿದಳು. “ತಿನ್ನಬ್ಯಾಡ! ಬ್ರೆಡ್ಡ ತಿಂದ್ರ ಸಾಯ್ತಾರ!” ಎಂದು ಕಿರುಚಿದಳು. ನೀನು ಗದರಲಿಲ್ಲ, ನೆಲಕ್ಕೆ ಕುಳಿತು ಅವಳನ್ನು ತೊಡೆಗೆ ಎಳೆದುಕೊಂಡೆ. ಹುಬ್ಬಳ್ಳಿಯ ಕಾಲೇಜಿನಲ್ಲಿ ಇದನ್ನೆಲ್ಲ ಕಲಿಸಿರಲಿಕ್ಕಿಲ್ಲ. ಆಗ ಅವಳು ಬಿಕ್ಕುತ್ತ ಹೇಳಿದ್ದನ್ನು ನೀನು ಅವಳ ಮಾತಿನಲ್ಲೇ ಬರೆದಿದ್ದೀ: “ದವಾಖಾನಿಯೊಳಗ ಅವ್ವಗ ಬ್ರೆಡ್ಡ ನಾನ ತಿನಿಸಿದೆ. ಮೊದಲಿನ ತುತ್ತು ನಾ ತಿನ್ನಲಿಲ್ಲ. ಮರತೆ. ಅದಕ್ಕ ಅವ್ವ ಸತ್ತಳು.”

ಶಾಮಲಾ, ಒಂದೂವರೆ ವರ್ಷ ಅವಳು ನನ್ನ ಮಗ್ಗುಲಲ್ಲಿ ಮಲಗಿದಳು. ಈ ಮಾತು ಹೇಳಿರಲಿಲ್ಲ.

ಅಂದು ನಾನೂ ಆ ವಾರ್ಡಿನಲ್ಲೇ ಇದ್ದೆ. ಮಂದಾಗೆ ಕಾಮಾಲೆ ಏರಿ ಕಣ್ಣು ಅರಿಷಿಣವಾಗಿದ್ದವು. ಬೇರೇನೂ ಸೇರುತ್ತಿರಲಿಲ್ಲ, ಹಾಲಿನಲ್ಲಿ ಅದ್ದಿದ ಬ್ರೆಡ್ಡು ಕೊಡಿರಿ ಎಂದು ಡಾಕ್ಟರು ಹೇಳಿದ್ದರು. ಕೂಸು ಮಂಚದ ಹತ್ತಿರ ಹೆದರಿ ನಿಂತಿತ್ತು. ಮಂದಾ ಚಾದರದ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದು, “ಎಲೈ ಸೇನಾಧಿಪತಿ, ರಾಣಿಗೆ ಹಸಿವಾಗೇದ” ಅಂದಳು. ದನಿ ಏಳುತ್ತಿರಲಿಲ್ಲ, ಆದರೂ ನಾಟಕದ ಠೀವಿ ಬಿಟ್ಟಿರಲಿಲ್ಲ. ವಾರಿಜಾ ಹಿಗ್ಗಿ, ಅವಸರದಲ್ಲಿ ಚೂರನ್ನು ಅದ್ದಿ ಬಾಯಿಗಿಟ್ಟಳು. ಮಂದಾ ನಗುತ್ತ ನುಂಗಿದಳು. ಸಂಜೆಗೆ ಹೋದಳು. ನಾವು ದೊಡ್ಡವರು ಅಳುತ್ತ ಕುಳಿತೆವು. ಈ ಕೂಸು ತನ್ನಷ್ಟಕ್ಕೆ ಕುಳಿತು ಎಂಥ ಲೆಕ್ಕ ಹಾಕಿತು ನೋಡು! ನಿನ್ನನ್ನು ಅವಳು ಕೇಳುತ್ತಿದ್ದುದು ನೀನು ವಿಷ ಹಾಕಿದ್ದೀಯೋ ಎಂದು ಅಷ್ಟೇ ಅಲ್ಲ, ಶಾಮಲಾ. ಮೊದಲ ತುತ್ತು ತಪ್ಪಿದರೆ ಮತ್ತೆ ಯಾರು ಹೋಗುತ್ತಾರೋ ಎಂದು.

ಕಾಮಾಲೆ ಬೇರೆ, ಬ್ರೆಡ್ಡು ಬೇರೆ ಎಂದು ನೀನೂ ಹೇಳಿದ್ದೀ, ಪ್ರಹ್ಲಾದನೂ ಹೇಳಿದ್ದಾನೆ. ಹೇಳಿದರೆ ಹೋಗುವ ಭಯ ಇದಲ್ಲ. ತಿಂದು ಬದುಕಿ ತೋರಿಸಬೇಕು.

ಅದಕ್ಕೆ ನಿನ್ನೆ ನಾನೇ ಪೇಟೆಗೆ ಹೋದೆ. ನಿಯಾಜನ ಬೇಕರಿಯ ಮೆಟ್ಟಿಲನ್ನು ನಾನು ಎಂದೂ ಹತ್ತಿದವಳಲ್ಲ. ಅವನು ಎದ್ದು ನಿಂತು, “ಬರ್ರಿ ಬಾಯಾರ. ಬ್ರೆಡ್ಡ ಯಾರಿಗ್ರಿ? ಮಾಸ್ತರಗ ಜ್ವರ ಬಂದಾವೇನ್ರಿ?” ಎಂದ. “ನನಗಪಾ” ಅಂದೆ. “ಆರಾಮ ಇಲ್ಲೇನ್ರಿ?” ಅಂದ. “ಗಟ್ಟಿ ಇದ್ದೇನಿ, ಅದನ್ನ ತೋರಸಲಿಕ್ಕೇ ಒಯ್ಯಾಕತ್ತೇನಿ” ಅಂದೆ. ಅವನಿಗೆ ಏನೂ ತಿಳಿಯಲಿಲ್ಲ. ಇದ್ದುದರಲ್ಲಿ ಮೆತ್ತಗಿನದನ್ನು ಆರಿಸಿ ಕಾಗದದಲ್ಲಿ ಸುತ್ತಿಕೊಟ್ಟ.

ಗುರುರಾಜ ಬಾಗಿಲಲ್ಲೇ ತಡೆದ. “ಅವ್ವಾ, ಚಾತುರ್ಮಾಸದಾಗ? ಮೊಸರು ಸುದ್ಧಾ ಬಿಟ್ಟೀದಿ, ಇದನ್ನ ತಿಂತೀ? ಊರವರು ಏನಂದಾರು?” “ಊರವರು ನನ್ನ ಮೊಮ್ಮಗಳಿಗೆ ಉಣಸಾಕ ಬರ್ತಾರೇನು? ಸರಿ ಅತ್ತಾಗ” ಅಂದೆ. ಹಿತ್ತಲಲ್ಲಿ ಬಾವಿಯ ಹತ್ತಿರ ಗೆರೆ ಎಳೆದೆ. ಅದರೊಳಗೆ ಕುಳಿತು ಒಂದು ಚೂರು ಪೂರ್ತಿ ತಿಂದೆ. ಮೊದಲು ಹತ್ತಿ ತಿಂದ ಹಾಗಾಯಿತು, ಆಮೇಲೆ ಸ್ವಲ್ಪ ಸಿಹಿ. ಇಷ್ಟಕ್ಕೆ ಜನ ಯಾಕೆ ಸಾಲು ಹಚ್ಚುತ್ತಾರೋ ತಿಳಿಯದು. ಆದರೆ ನುಂಗುವಾಗ ಮಂದಾ ನುಂಗಿದ್ದು ನೆನಪಾಯಿತು, ನೀರು ಕುಡಿದೆ. ಇಂದು ಬೆಳಿಗ್ಗೆ ಪಂಚಗವ್ಯ ತೆಗೆದುಕೊಂಡಿದ್ದೇನೆ. ದೇವರ ಸಂಗಡ ನನ್ನ ಲೆಕ್ಕ ನಾನು ನೋಡಿಕೊಳ್ಳುತ್ತೇನೆ.

ಕೆಳಗಿನ ಒಕ್ಕಣೆಯನ್ನು ನೀನು ಗೆರೆಯ ಹತ್ತಿರ ನಿಂತು ಗಟ್ಟಿಯಾಗಿ ಓದು. ಓದಿ ಮುಗಿಸಿ ನೀನೂ ಅವಳೆದುರಿಗೆ ತಿನ್ನು. ಅವಳಿಗೆ ತಿನ್ನು ಎನ್ನಬೇಡ.

“ಹುಣಸಾವತಿಯ ಮಹಾರಾಣಿ ವಾರಿಜಾದೇವಿಯವರಿಗೆ ಭಂಡಾರದ ಮಂತ್ರಿ ಗೋಪಿಕಾಬಾಯಿಯ ವಿಜ್ಞಾಪನೆ. ಬ್ರೆಡ್ಡು ಎಂಬ ಪರದೇಶದ ತಿನಿಸನ್ನು ನಾನು ನಿನ್ನೆ ಗೆರೆಯೊಳಗೆ ಕುಳಿತು ತಿಂದೆನು. ಮೊದಲ ತುತ್ತನ್ನು ಬೇರೆ ಯಾರೂ ನೋಡಿಕೊಟ್ಟಿರಲಿಲ್ಲ. ಆದರೂ ಬದುಕಿದ್ದೇನೆ, ಸಾಕ್ಷಿಗೆ ಈ ಅಕ್ಷರ ನನ್ನವೇ. ಹಿಂದಿನ ಮಹಾರಾಣಿಯವರು ತೀರಿಕೊಂಡದ್ದು ಕಾಮಾಲೆಯಿಂದ. ಅವರು ನಗುತ್ತ ತಿಂದ ಕೊನೆಯ ಊಟ ಸೇನಾಧಿಪತಿಯ ಕೈಯದು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಸೇನಾಧಿಪತಿಯದು ಏನೂ ತಪ್ಪಿಲ್ಲ ಎಂದು ಭಂಡಾರದ ಮುದ್ರೆ ಒತ್ತಿದ್ದೇನೆ.”

ಮುದ್ರೆಗೆ ಕುಂಕುಮದಲ್ಲಿ ಹೆಬ್ಬೆಟ್ಟು ಒತ್ತಿದ್ದೇನೆ, ಅಳಿಸದ ಹಾಗೆ ಕಾಗದ ಮಡಚು.

ನಿನ್ನ ಮಾವುಶಿ,
ಗೋಪಿಕಾಬಾಯಿ

ತಾ.ಕ.: ಉಳಿದ ಬ್ರೆಡ್ಡನ್ನು ಗುರುರಾಜ ತಿಂದ, ಚಹಾದಲ್ಲಿ ಅದ್ದಿ. ಊರವರು ಏನಂದಾರು ಎಂದು ನಾನು ಕೇಳಲಿಲ್ಲ.

⁂

ಸವಣೂರು
೧೩-೯-೧೯೮೧

ಪ್ರೀತಿಯ ಶಾಮಲಾಗೆ ಮಾವುಶಿಯ ಆಶೀರ್ವಾದಗಳು.

ನಿನ್ನ ಕಾಗದ, ಜೊತೆಗೆ ವಾರಿಜಾ ಬರೆದದ್ದು, ಎರಡೂ ಬಂದವು. ಕೂಡಲೇ ಬರೆಯಬೇಕೆಂದೇ ಇದ್ದೆ, ಮನೆಯಲ್ಲಿ ಪಿತೃಪಕ್ಷದ ಸಿದ್ಧತೆ ಎಂದು ದಿನ ಹೋದವು. ಈ ವರ್ಷ ಮಂದಾಳ ದಿನಕ್ಕೆ ಏನು ಮಾಡಿಸಲಿ ಎಂದು ಗುರುರಾಜ ಕೇಳಿದ. ಗುಳ್ಳಡಕಿ ಉಂಡಿ ಅಂದೆ.

ನೀನು ಬರೆದದ್ದನ್ನು ಗುರುರಾಜನಿಗೆ ಓದಿ ಹೇಳಿದೆ, ಅವನು ಕನ್ನಡಕ ಒರೆಸಿಕೊಳ್ಳುತ್ತ ಕುಳಿತ. ನೀನು ಒಕ್ಕಣೆ ಓದಿದೆ. ಅವಳು ಹೆಬ್ಬೆಟ್ಟಿನ ಕುಂಕುಮವನ್ನು ಮೂಸಿ ನೋಡಿ, “ಅಜ್ಜೀದ ಹೌದು” ಅಂದಳು. ನೀನು ಬ್ರೆಡ್ಡು ತಿಂದೆ. ಅವಳು ಬೇಡವೆನ್ನಲಿಲ್ಲ, ಕಂಬ ಹಿಡಿದು ನೋಡುತ್ತ ನಿಂತಳು. ಆ ದಿನವಿಡೀ ನಿನ್ನ ಬೆನ್ನ ಹಿಂದೆಯೇ. ನೀರು ಸೇದಲು ಹೋದರೆ ಬಾವಿಗೆ, ಅರಿವೆ ಒಣಹಾಕಲು ಹೋದರೆ ಹಿತ್ತಲಿಗೆ. ಸಾಲೆಗೂ ಹೋಗಲಿಲ್ಲ. ನೀನು ಸಾಲೆಗೆ ಹೋಗು ಎನ್ನದೆ ಸುಮ್ಮನಿದ್ದದ್ದು ಬಹಳ ಶಾಣೇತನ.

ಮರುದಿನ ಬೆಳಗಾಗುವಾಗ ಅವಳು ನಿನ್ನ ಹಾಸಿಗೆಯ ಹತ್ತಿರ ಕುಳಿತು ಮೂಗಿನ ಕೆಳಗೆ ಬೆರಳಿಟ್ಟಳು, ನೀನು ಕಣ್ಣು ತೆರೆದೆ. “ಇದ್ದೀ?” ಎಂದು ಕೇಳಿದಳು. “ಇದ್ದೇನವಾ” ಅಂದೆ. “ಹಂಗಾರ ಏಳು, ನನಗ ಹಸಿವಾಗೇದ.” ಇದನ್ನು ಬರೆಯುವಾಗ ನಿನ್ನ ಅಕ್ಷರ ಕದಡಿವೆ. ಓದುವಾಗ ನನ್ನ ಕಡೆಯಿಂದಲೂ ಒಂದಿಷ್ಟು ಕದಡಿದವು.

ಉಪ್ಪಿಟ್ಟು ಮಾಡಿದೆಯಂತೆ. ಎರಡು ಸಲ ಹಾಕಿಸಿಕೊಂಡಳಂತೆ. ಗೆರೆ ಎಳೆಯಲಿಲ್ಲ, ಮೊದಲ ತುತ್ತು ಕೇಳಲಿಲ್ಲ. ಆ ಉಪ್ಪಿಟ್ಟಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ ಎಂದು ಆಮೇಲೆ ನಿನಗೆ ಗೊತ್ತಾಯಿತಂತೆ! ರುಚಿ ನೋಡದೆ ಅಡಿಗೆ ಮಾಡುವವರ ಹಣೆಬರಹವೇ ಅದು, ಮಗಳೇ. ಅವಳು ಸುಮ್ಮನೆ ಉಂಡಳಲ್ಲ, ಅಷ್ಟು ಸಾಕು.

ಪ್ರಹ್ಲಾದನಿಗೆ ಹೇಳು, ದಸರೆಯ ಮಾತು ಇನ್ನು ತೆಗೆಯಬೇಡವೆಂದು. ಕೂಸು ಅಲ್ಲಿಯೇ ಇರಲಿ. ಹುಣಸಾವತಿಯನ್ನು ಮುಚ್ಚಿಸಬೇಡ. ಆಡಬೇಕೆನಿಸಿದಾಗ ಆಡಲಿ, ಬೇಡವೆನಿಸಿದಾಗ ತಾನೇ ಬಿಡುತ್ತಾಳೆ. ನಿನ್ನ ಕಸ್ಟರ್ಡನ್ನು ಮಂತ್ರಿಗೆ ರುಚಿ ತೋರಿಸಬೇಕೆಂದು ಬರೆದಿದ್ದೀ. ಒಂದು ಜನ್ಮಕ್ಕೆ ಒಂದು ಬ್ರೆಡ್ಡು ಸಾಕು ತಾಯಿ, ದೇವರನ್ನು ಎಷ್ಟೆಂದು ಒಪ್ಪಿಸಲಿ?

ನಿನ್ನ ಒಲೆ ತಣ್ಣಗಾಗದಿರಲಿ, ಉಣ್ಣುವವರು ನಿನ್ನ ಸುತ್ತ ತುಂಬಿರಲಿ.

ನಿನ್ನ ಮಾವುಶಿ,
ಗೋಪಿಕಾಬಾಯಿ

ತಾ.ಕ.: ಇಷ್ಟಕ್ಕೆ ಮುಗಿಸಿ ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ನಿನ್ನೊಬ್ಬಳಿಗೇ ಹೇಳುತ್ತೇನೆ. ದಸರೆಗೆ ಅವಳನ್ನು ತಿರುಗಿ ಬಿಡುತ್ತಾರೆಂದು ನೀನು ಬರೆದ ಮೊದಲ ಕಾಗದ ಕೈಗೆ ಸಿಕ್ಕ ದಿನವೇ ನಾನು ಅವಳ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದೆ. ಅವಳ ಬೆಳ್ಳಿ ತಾಟನ್ನು ತಿಕ್ಕಿ ಕಟ್ಟೆಯ ಮೇಲೆ ಇಟ್ಟಿದ್ದೆ. ನಿನಗೆ ಉಪಾಯ ಬರೆಯುತ್ತ ಕುಳಿತಾಗಲೆಲ್ಲ ಅದು ನನ್ನ ಕಣ್ಣೆದುರಿಗೇ ಇತ್ತು.

ಅವಳು ನನಗೆ ಬರೆದದ್ದು ಮೂರೇ ಸಾಲು. “ಅವ್ವ ಬ್ರೆಡ್ಡು ತಿಂದಳು. ಏನೂ ಆಗಲಿಲ್ಲ. ಅವ್ವ ಆರಾಮ ಇದ್ದಾಳೆ.” ಓದಿದ ಕೂಡಲೇ ಒಂದು ಗಳಿಗೆ, ನನ್ನ ಮಂದಾ ಆ ದವಾಖಾನೆಯ ಮಂಚದ ಮೇಲೆ ಎದ್ದು ಕುಳಿತಳೆಂದೇ ತಿಳಿದೆ. ಆಮೇಲೆ ಅವ್ವ ಎಂದರೆ ನೀನು ಎಂದು ತಿಳಿಯಿತು. ನಿನ್ನನ್ನು ಅವಳು ಹಾಗೆ ಕರೆಯುತ್ತಾಳೆಂದು ನೀನು ನನಗೆ ಬರೆದಿರಲಿಲ್ಲ. ನಾನು ನೊಂದುಕೊಂಡೇನೆಂದು ಬಿಟ್ಟಿರಬೇಕು. ನೊಂದೆ, ಸುಳ್ಳು ಯಾಕೆ ಹೇಳಲಿ. ಸಂತೋಷವೂ ಆಯಿತು. ಸವಣೂರಿಗೆ ಎಂದು ಬರಲಿ ಎಂದು ಅವಳು ಕೇಳಿಲ್ಲ. ನೀನು ನೆನಪು ಮಾಡಬೇಡ.

ತಾಟನ್ನು ಗುರುರಾಜನ ಕೈಯಲ್ಲಿ ಕಳಿಸುತ್ತಿದ್ದೇನೆ. ಮಂದಾ ಸಣ್ಣವಳಿದ್ದಾಗ ಉಂಡದ್ದೂ ಅದರಲ್ಲೇ. ನೀವಿಬ್ಬರೂ ಅದರಲ್ಲಿ ಬ್ರೆಡ್ಡು ಹಾಕಿಕೊಂಡು ತಿಂದರೂ ನಡೆಯುತ್ತದೆ.